ಗೋಡೆಗೆ ಹೇಳಿದ ಮಾತು

ಗೋಡೆ ತುಂಬುವ ಕೆಲಸ ಹಿಡಿದು ನನಗೆ ನಲವತ್ತು ವರ್ಷವಾಯಿತು. ಸಾಕಮ್ಮ ತುಂಬಿದ ಮನೆಯೊಳಗೆ ಸದ್ದು ಬರುತ್ತದೆ ಎಂದು ಈ ಊರಿನಲ್ಲಿ ಇದುವರೆಗೆ ಒಬ್ಬರೇ ಒಬ್ಬರು ಹೇಳಿದ್ದಾರೆ. ಅವಳು ನನ್ನ ಸೊಸೆ. ಅದೂ ನನ್ನದೇ ಮನೆಯ ಬಗ್ಗೆ. ಆ ಮಾತು ಕೇಳಿದ ದಿನ ನನಗೆ ಮೈಯೆಲ್ಲ ಉರಿದುಹೋಯಿತು. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಆದರೆ ಅವತ್ತು ಬರಲಿಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮೂರಿನ ಮನೆಗಳೆಲ್ಲ ವಿಮಾನದ ಒಡಲುಗಳು. ರೆಕ್ಕೆಯಿಲ್ಲ, ಗಾಲಿಯಿಲ್ಲ, ಎಂಜಿನ್ ಇಲ್ಲ. ಉದ್ದನೆಯ ಕೊಳವೆಯಂಥ ಒಡಲು ಮಾತ್ರ. ಐದು ಬೀದಿಗಳಲ್ಲಿ ಸಾಲಾಗಿ, ಮೂತಿ ಪೂರ್ವಕ್ಕೂ ಬಾಲ ಪಶ್ಚಿಮಕ್ಕೂ ಮಾಡಿಕೊಂಡು ಕೂತಿವೆ. ಮೂತಿಯ ಕಡೆ ದೇವರು, ಅದರ ಹಿಂದೆ ಅಡುಗೆ, ನಡುವೆ ಕೂರುವ ಮಲಗುವ ಜಾಗ, ಬಾಲದಲ್ಲಿ ಬಚ್ಚಲು. ದುಂಡನೆಯ ಗೋಡೆಗೆ ಒರಗಿಸಿದರೆ ಬೀರು ನಿಲ್ಲುವುದಿಲ್ಲ ಎನ್ನುವುದೊಂದನ್ನು ಬಿಟ್ಟರೆ ವಾಸಕ್ಕೆ ಏನೂ ತೊಂದರೆಯಿಲ್ಲ.

ದಿನಾ ಮಧ್ಯಾಹ್ನ ಮೂರು ಗಂಟೆಗೆ ಮೊರೆತ ಬರುತ್ತದೆ. ಆಕಾಶದಲ್ಲಿ ಏನೂ ಇರುವುದಿಲ್ಲ, ಬೇವಿನ ಮರದ ಒಂದು ಎಲೆಯೂ ಅಲ್ಲಾಡುವುದಿಲ್ಲ, ಆದರೆ ಒಂದೊಂದು ಮನೆಯ ಹೊರಮೈಯೂ ಮೋಡದ ಮೇಲೆ ಹಾರುತ್ತಿರುವ ಹಾಗೆ ಮೊರೆಯತೊಡಗುತ್ತದೆ. ಮುಕ್ಕಾಲು ಗಂಟೆ ಮೊರೆದು ನಿಲ್ಲುತ್ತದೆ. ಆ ಹೊತ್ತಿನಲ್ಲಿ ಶಾಲೆಯವರು ಮಕ್ಕಳಿಗೆ ಕಾಪಿ ಬರೆಯಲು ಕೊಟ್ಟು ಕೂರುತ್ತಾರೆ, ಕ್ಷೌರದಂಗಡಿಯವನು ಕತ್ತಿ ಕೆಳಗಿಡುತ್ತಾನೆ, ಹೋಟೆಲಿನವನು ಗ್ಲಾಸುಗಳನ್ನು ಅಂಚಿನಿಂದ ಒಳಕ್ಕೆ ಸರಿಸುತ್ತಾನೆ. ಕೆಲವು ಹಳಬರು ಹಳೆಯ ಸೀಟುಗಳಲ್ಲಿ ಕೂತು ಸೊಂಟಕ್ಕೆ ಪಟ್ಟಿ ಬಿಗಿದುಕೊಳ್ಳುವುದೂ ಉಂಟು. ಯಾಕೆ ಎಂದು ಕೇಳಿದರೆ ನಮ್ಮಪ್ಪ ಬಿಗಿದುಕೊಳ್ಳುತ್ತಿದ್ದರು ಎನ್ನುತ್ತಾರೆ.

ಮೊರೆತದ ಹೊತ್ತಿನಲ್ಲೇ ನಮ್ಮೂರಿನವರು ಗೋಡೆಗೆ ಹೇಳಿಬರುವುದು. ಒಳಗಿಟ್ಟುಕೊಂಡರೆ ಕೊರೆಯುವ, ಮುಖಕ್ಕೆ ಹೇಳಿದರೆ ಮನೆ ಮುರಿಯುವ ಮಾತುಗಳು ಎಲ್ಲರಿಗೂ ಇರುತ್ತವಲ್ಲ. ಅವನ್ನು ಹೊರಗೆ ಹೋಗಿ, ಸ್ವಂತ ಮನೆಯ ಗೋಡೆಗೆ ಬಾಯಿ ಹಚ್ಚಿ, ಜೋರಾಗಿ ಹೇಳಿ ಮುಗಿಸಿಬಿಡುವುದು. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಆ ಗದ್ದಲದಲ್ಲಿ ಪಕ್ಕದಲ್ಲಿ ನಿಂತವರಿಗಿರಲಿ, ಹೇಳುವವರಿಗೇ ತಮ್ಮ ಮಾತು ಕೇಳಿಸುವುದಿಲ್ಲ. ದಾರಿಹೋಕರಿಗೆ ತುಟಿ ಅಲ್ಲಾಡುವುದು ಕಂಡರೂ ಕಾಣದವರ ಹಾಗೆ ಹೋಗಬೇಕು. ಗೋಡೆಗೆ ಏನು ಹೇಳಿದೆ ಎಂದು ಯಾರೂ ಯಾರನ್ನೂ ಕೇಳುವಂತಿಲ್ಲ, ಗಂಡ ಹೆಂಡತಿಯನ್ನೂ ಕೇಳುವಂತಿಲ್ಲ. ನಮ್ಮ ಪಕ್ಕದ ಮನೆಯ ಅನಂತಯ್ಯ ಮೇಷ್ಟ್ರು ಮೂವತ್ತು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ. ಹೋಗುವಾಗ ಮುಖ ಹುಳ್ಳಗಿರುತ್ತದೆ, ಬರುವಾಗ ಎಣ್ಣೆನೀರು ಹಾಕಿಕೊಂಡವರ ಹಾಗೆ ಬರುತ್ತಾರೆ. ನಮ್ಮೂರಿನಲ್ಲಿ ಜಗಳ ಕಡಿಮೆ. ಪೊಲೀಸ್ ಠಾಣೆಯ ಹಿಂದುಗಡೆ ಕೋಳಿ ಸಾಕಿದ್ದಾರೆ.

ಇನ್ನು ನನ್ನ ಕೆಲಸದ ವಿಷಯ. ನಮ್ಮ ಮನೆಗಳ ಗೋಡೆ ಎಂದರೆ ಹೊರಗೆ ಒಂದು ತೆಳು ತಗಡು, ಒಳಗೆ ಒಂದು ತೆಳು ಹಲಗೆ, ನಡುವೆ ಒಂದು ಗೇಣು ಸಂದು. ತಗಡನ್ನು ಹಿಡಿದು ನಿಲ್ಲಿಸಲು ಮೊಳಕ್ಕೊಂದರಂತೆ ಪಕ್ಕೆಗಳು. ಪಕ್ಕೆ ಎಂದರೆ ಬಳೆಯ ಹಾಗೆ ಒಡಲನ್ನು ಸುತ್ತಿಬರುವ ಲೋಹದ ಪಟ್ಟಿ. ನೆಲದ ಕೆಳಗಿನಿಂದ ಹೊರಟು, ತಲೆಯ ಮೇಲೆ ಹಾದು, ಆಚೆ ಬದಿಯಿಂದ ಮತ್ತೆ ನೆಲಕ್ಕಿಳಿಯುತ್ತದೆ. ಹೊರಗೆ ರಿವೆಟ್ಟುಗಳ ಸಾಲು ಕಂಡಲ್ಲೆಲ್ಲ ಒಳಗೊಂದು ಪಕ್ಕೆ ಇದೆ ಎಂದು ಅರ್ಥ. ಹೊರಗಿನ ಸದ್ದು ಒಳಗೆ ಬರುವುದಕ್ಕೆ ಮೂರು ದಾರಿ ಎಂದು ನನಗೆ ಈ ಕೆಲಸ ಕಲಿಸಿದ ನನ್ನ ಅವ್ವ ಹೇಳುತ್ತಿದ್ದಳು. ಒಂದು, ಕಿಟಕಿ ಬಾಗಿಲುಗಳ ಬಿರುಕಿನಲ್ಲಿ ಗಾಳಿಯ ಜೊತೆ ನುಸುಳಿಬರುವುದು. ಎರಡು, ತಗಡನ್ನು ತಮಟೆಯಂತೆ ಬಡಿದು, ತಗಡು ಸಂದಿನ ಗಾಳಿಯನ್ನು ಬಡಿದು, ಆ ಗಾಳಿ ಒಳಹಲಗೆಯನ್ನು ಬಡಿದು ಬರುವುದು. ಮೂರು, ಎಲುಬು ಹಿಡಿದು ಬರುವುದು; ಪಕ್ಕೆಯಿಂದ ಸ್ಕ್ರೂಗೆ, ಸ್ಕ್ರೂವಿನಿಂದ ಹಲಗೆಗೆ.

ಮೊದಲನೆಯದಕ್ಕೆ ರಬ್ಬರು ಸಾಕು. ಎರಡನೆಯದಕ್ಕೆ ತಗಡಿನ ಒಳಮೈಗೆ ಡಾಂಬರು ಬಳಿದ ಗೋಣಿಯ ತೇಪೆ ಹಚ್ಚಬೇಕು. ಕಂಚಿನ ತಟ್ಟೆಯ ಮೇಲೆ ಅಂಗೈಯಿಟ್ಟರೆ ಅದರ ನಾದ ಅಡಗುತ್ತದಲ್ಲ, ಹಾಗೆ. ಆಮೇಲೆ ಸಂದಿಗೆ ಬೂರುಗದ ಹತ್ತಿ. ಹತ್ತಿಯನ್ನು ಗಿಡಿದು ತುಂಬಬಾರದು, ಹೊಸಬರೆಲ್ಲ ಮಾಡುವ ತಪ್ಪು ಅದೇ. ಗಿಡಿದರೆ ಅದು ಗಟ್ಟಿಯಾಗಿ ಸದ್ದಿಗೆ ಸೇತುವೆಯಾಗಿಬಿಡುತ್ತದೆ. ಹಿಂಜಿ ಹಿಂಜಿ, ಉಸಿರಾಡುವಷ್ಟು ಸಡಿಲವಾಗಿ ತುಂಬಬೇಕು. ಮೂರನೆಯದಕ್ಕೆ ಒಂದೊಂದು ಸ್ಕ್ರೂವಿನ ಕೆಳಗೂ ಕಂಬಳಿಯ ಬಿಲ್ಲೆ. ಪಕ್ಕೆಗೆ ಯಾವುದನ್ನೂ ನೇರವಾಗಿ ಬಿಗಿಯಕೂಡದು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ಮೇಷ್ಟ್ರು ಪಕ್ಕೆಗೆ ಮೊಳೆ ಹೊಡೆದು ಗಡಿಯಾರ ತಗುಲಿಹಾಕಿದ್ದಕ್ಕೆ, ಅಷ್ಟು ಓದಿದವರು ಎಂದೂ ನೋಡದೆ, ಎರಡು ದಿನ ಬೈದಿದ್ದೆ.

ನನ್ನ ಮಗ ಲಿಂಗರಾಜು ನೀರಿನ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದಾನೆ. ಅವನು ಬಸ್ಸಿನಲ್ಲಿ ಒಂದು ಹಗಲು ದೂರದ ಊರಿನಿಂದ ಇಂದ್ರಾಣಿಯನ್ನು ಮದುವೆಯಾಗಿ ಕರೆತಂದ. ಅಲ್ಲೆಲ್ಲ ಕಲ್ಲಿನ ಮನೆಗಳು, ಮೂರು ಗಂಟೆಗೆ ಜನ ನಿದ್ದೆ ಮಾಡುತ್ತಾರಂತೆ. ಹುಡುಗಿ ಚಿಕ್ಕವಳಿದ್ದಾಗಲೇ ತಾಯಿ ಹೋಗಿದ್ದರು, ದೊಡ್ಡಮ್ಮ ಸಾಕಿದ್ದರು. ದೊಡ್ಡಮ್ಮನಿಗೆ ಮಂಡಿನೋವು, ಬಾಣಂತನ ಮಾಡಲು ಆಗುವುದಿಲ್ಲ ಎಂದು ಹೇಳಿಕಳಿಸಿದಾಗ ನಾನು ಒಳಗೊಳಗೇ ಕುಣಿದಾಡಿದ್ದೆ. ಮೊಮ್ಮಗಳು ಕಸ್ತೂರಿ ನನ್ನ ಮನೆಯಲ್ಲೇ ಹುಟ್ಟಿದಳು.

ತೊಟ್ಟಿಲಿಗೆ ಹಾಕುವ ಶಾಸ್ತ್ರದ ದಿನ ತೊಟ್ಟಿಲನ್ನು ನಾನೇ ನನ್ನ ಕೈಯಾರೆ ಕಟ್ಟಿದೆ. ಅವ್ವನ ಕಾಲದ ತೊಟ್ಟಿಲು, ಹಲಸಿನ ಮರದ್ದು, ಒಣಗಿ ಒಣಗಿ ಹಗುರವಾಗಿ ಬೆರಳಲ್ಲಿ ತಟ್ಟಿದರೆ ಗುಂಯ್ ಎನ್ನುತ್ತಿತ್ತು. ವೀಣೆ ಮಾಡುವುದೂ ಇದೇ ಮರದಲ್ಲೇ ಎಂದು ಮೇಷ್ಟ್ರು ಮೆಚ್ಚಿ ಹೇಳಿದರು. ನನ್ನ ಮೊಮ್ಮಗಳ ತೊಟ್ಟಿಲು ಎಂದಿಗೂ ಕಳಚಬಾರದು ಎನ್ನುವುದೊಂದೇ ನನ್ನ ತಲೆಯಲ್ಲಿದ್ದುದು. ಐದನೇ ಕಿಟಕಿಯ ನೇರಕ್ಕೆ, ತಲೆಯ ಮೇಲೆ, ಕಬ್ಬಿಣದ ಸರಳು ಕೂರಿಸಿ ನಟ್ಟು ತಿರುಗಿಸಿ ಬಿಗಿದೆ. ನೆಂಟರೆಲ್ಲ ಸುತ್ತ ನಿಂತು ನೋಡುತ್ತಿದ್ದರು, ಸ್ಪ್ಯಾನರ್ ಹಿಡಿದ ಅಜ್ಜಿ ಎಂದು ಹೊಗಳುತ್ತಿದ್ದರು. ನಾನೂ ಉಬ್ಬಿಹೋಗಿದ್ದೆ.

ಮಗುವಿಗೆ ನೀರು ಹಾಕುವುದನ್ನು ಮೊದಲ ದಿನದಿಂದ ನಾನೇ ಇಟ್ಟುಕೊಂಡೆ. ಇಂದ್ರಾಣಿ ಒಂದೆರಡು ಸಲ ನಾನು ಹಾಕ್ಲಾ ಅತ್ತೆ ಎಂದಳು. ನಿನಗೆ ಬರೋದಿಲ್ಲ ಬಿಡು ಎಂದೆ. ಆಮೇಲೆ ಅವಳು ಕೇಳಲಿಲ್ಲ, ಬಚ್ಚಲ ಬಾಗಿಲಲ್ಲಿ ಟವಲು ಹಿಡಿದು ನಿಲ್ಲುತ್ತಿದ್ದಳು. ನಿಜ ಹೇಳಬೇಕೆಂದರೆ, ಆ ಎಳೆಯ ಮೈಯನ್ನು ಕಾಲ ಮೇಲೆ ಹಾಕಿಕೊಂಡಾಗ ಆಗುವ ಸುಖವನ್ನು ಯಾರ ಜೊತೆಗೂ ಹಂಚಿಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಮನೆಗೆ ಇನ್ನೊಂದು ಹೆಣ್ಣು ಬಂದಮೇಲೆ ಗೋಡೆಗೆ ಹೇಳಲು ವಿಷಯಕ್ಕೆ ಬರವೇ? ನಾನು ನಿಲ್ಲುವ ಜಾಗ ಬೇವಿನ ಮರದ ನೆರಳಿನಲ್ಲಿ, ರಿವೆಟ್ಟಿನ ಸಾಲಿನ ಮೇಲೆ. ನನ್ನ ಹಣೆ ತಾಗಿ ತಾಗಿ ಅಲ್ಲಿ ಬಣ್ಣ ಹೋಗಿದೆ. ದಿನಾ ಮೂರಕ್ಕೆ ಹೋಗಿ ಒಂದು ಸುತ್ತು ಸುರಿದುಬರುತ್ತಿದ್ದೆ. ಸಾರಿಗೆ ಉಪ್ಪಿಲ್ಲ, ಅಕ್ಕಿಯನ್ನು ಮೂರು ಸಲ ತೊಳೆದು ಸತ್ವವೆಲ್ಲ ಚೆಲ್ಲುತ್ತಾಳೆ, ನನ್ನ ಮಗನ ಕೈಯಲ್ಲಿ ತಟ್ಟೆ ತೊಳೆಸುತ್ತಾಳೆ. ಒಂದೊಂದು ದಿನ ಹದ ತಪ್ಪಿ ಇನ್ನೂ ಮುಂದೆ ಹೋಗುತ್ತಿದ್ದೆ. ಹೇಳಿ ಒಳಗೆ ಬಂದರೆ ಮನಸ್ಸು ಹಗುರ. ಇಂದ್ರಾಣಿ ಮಾಡಿಕೊಟ್ಟ ಕಾಫಿ ಕುಡಿದು, ಚೆನ್ನಾಗಿದೆ ಎಂದು ಮನಸಾರೆ ಹೇಳುತ್ತಿದ್ದೆ. ಅವಳು ತಲೆ ತಗ್ಗಿಸಿ ಲೋಟ ತೆಗೆದುಕೊಂಡು ಹೋಗುತ್ತಿದ್ದಳು. ಎಂಥ ನಾಚಿಕೆಯ ಹುಡುಗಿ ಎಂದುಕೊಳ್ಳುತ್ತಿದ್ದೆ.

ಮಗುವಿಗೆ ಮೂರು ತಿಂಗಳಾದಾಗ ಒಂದು ಬೆಳಿಗ್ಗೆ ಅವಳು, "ಅತ್ತೆ, ಮೂರು ಗಂಟೆ ಆಯ್ತು ಅಂದ್ರೆ ಮಗು ಬೆಚ್ಚಿ ಎದ್ದು ಅಳುತ್ತೆ. ಈ ಮನೇಲಿ ಸದ್ದು ಬರುತ್ತೆ," ಎಂದಳು. ಲಿಂಗು ಗೋಡೆ ನೋಡುತ್ತಾ ಇನ್ನುಳಿದದ್ದನ್ನು ಹೇಳಿದ. ಮಗು ಸ್ವಲ್ಪ ದೊಡ್ಡದಾಗುವವರೆಗೆ ಇಂದ್ರಾಣಿ ದೊಡ್ಡಮ್ಮನ ಊರಿನಲ್ಲಿರುತ್ತಾಳಂತೆ. ಅಲ್ಲಿನ ಅಕ್ಕಿ ಗಿರಣಿಯಲ್ಲಿ ಇವನಿಗೂ ಕೆಲಸ ಸಿಗುವ ಹಾಗಿದೆಯಂತೆ. ಅಂದರೆ ಹಿಂದಿರುಗುವ ಮಾತಿಲ್ಲ ಎನ್ನುವುದು ನನಗೆ ಅರ್ಥವಾಯಿತು. ಮೊಮ್ಮಗಳು ಹೋಗುತ್ತಾಳೆ ಎನ್ನುವುದು ಒಂದು ಸಂಕಟ, ಸಾಕಮ್ಮನ ಮನೆಯಲ್ಲಿ ಸದ್ದು ತಾಳಲಾರದೆ ಹೋದಳು ಎಂದು ಊರು ಆಡಿಕೊಳ್ಳುತ್ತದೆ ಎನ್ನುವುದು ಇನ್ನೊಂದು. ಒಂದು ತಿಂಗಳು ಕೊಡಿ, ಈ ಮನೆಯೊಳಗೆ ಸೂಜಿ ಬಿದ್ದರೆ ಕೇಳಬೇಕು ಹಾಗೆ ಮಾಡುತ್ತೇನೆ ಎಂದೆ. ಮುಂದಿನ ತಿಂಗಳ ಮೊದಲ ಶುಕ್ರವಾರ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಎಂದು ಅವರು ದಿನ ಇಟ್ಟುಕೊಂಡರು.

ಊರಿನ ಕೆಲಸವನ್ನೆಲ್ಲ ಬದಿಗಿಟ್ಟು ಸ್ವಂತ ಮನೆಗೆ ಕೈ ಹಾಕಿದೆ. ಕಿಟಕಿಗಳ ರಬ್ಬರು ಗಟ್ಟಿಯಾಗಿತ್ತು. ಕಿತ್ತು, ಸೈಕಲ್ ಟ್ಯೂಬು ಸೀಳಿ ಹೊಸದಾಗಿ ಕೂರಿಸಿದೆ. ಬಾಗಿಲಿಗೆ ಕಂಬಳಿಯ ಅಂಚು ಹೊಲಿದೆ. ಕಪಾಟಿನ ಮೇಲೆ ಒಂದು ಲೋಟ ನೀರಿಟ್ಟು ಮೊರೆತದ ಹೊತ್ತಿನಲ್ಲಿ ನೋಡುವುದು ನಮ್ಮ ಪರೀಕ್ಷೆ. ಸದ್ದು ಒಳಗೆ ಬರುತ್ತಿದ್ದರೆ ನೀರಿನಲ್ಲಿ ಉಂಗುರ ಏಳುತ್ತದೆ. ಮೊದಲ ವಾರಕ್ಕೇ ಉಂಗುರ ಅರ್ಧ ಕಡಿಮೆಯಾಯಿತು. ನನಗೆ ಖುಷಿಯಾಯಿತು, ಹೊರಗೆ ಹೋಗಿ ಗೋಡೆಗೆ ಹೇಳಿಬಂದೆ. ಒಳಗೆ ಬಂದರೆ ಮಗು ಮೊದಲಿಗಿಂತ ಜೋರಾಗಿ ಅಳುತ್ತಿತ್ತು.

ಎರಡನೇ ವಾರ ಒಳಹಲಗೆಗಳನ್ನೆಲ್ಲ ಬಿಚ್ಚಿ ತಗಡಿಗೆ ತೇಪೆ ಹಚ್ಚಿದೆ. ಒಂದೊಂದು ತಗಡನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಟಣ್ ಎನ್ನುವುದು ಟಪ್ ಎನ್ನುವವರೆಗೆ ಬಿಡಲಿಲ್ಲ. ಮೂರನೇ ವಾರ ಹಳೆಯ ಹತ್ತಿ ತೆಗೆದು ಹೊಸ ಬೂರುಗದ ಹತ್ತಿ ಹಿಂಜಿ ತುಂಬಿದೆ, ಕಿಟಕಿಗಳಿಗೆ ನಾಲ್ಕು ಬೆರಳು ಬಿಟ್ಟು ಇನ್ನೊಂದು ಗಾಜು ಹಾಕಿಸಿದೆ. ಲೋಟದ ನೀರು ಕನ್ನಡಿಯ ಹಾಗೆ ನಿಂತಿತು. ಮೊರೆತವೆನ್ನುವುದು ಯಾವುದೋ ಪಕ್ಕದ ಊರಿನ ಸಂಗತಿಯಾಯಿತು. ಮೇಷ್ಟ್ರು ಬಂದು ಒಳಗೆ ಕೂತು, ಪಿಸುಮಾತಿನಲ್ಲಿ ಇದು ಮನೆಯಲ್ಲ ಸಾಕಮ್ಮ, ಗರ್ಭಗುಡಿ ಎಂದರು. ಅಷ್ಟು ಕೇಳಿ, ತಲೆಗೆ ಬಟ್ಟೆ ಸುತ್ತಿ ಹೊರಗೆ ಹೋಗಿ ನನ್ನ ಪಾಲಿನ ಮಾತು ಮುಗಿಸಿ ಬಂದೆ. ಮಗು ಕಿರುಚಿ ಕಿರುಚಿ ಕೆಂಪಾಗಿತ್ತು.

ನಾನು ಎಷ್ಟು ಚೆನ್ನಾಗಿ ತುಂಬಿದರೆ ಅದು ಅಷ್ಟು ಹೆಚ್ಚು ಅಳುತ್ತಿತ್ತು. ನಲವತ್ತು ವರ್ಷದಲ್ಲಿ ಇಂಥದ್ದನ್ನು ಕಂಡಿರಲಿಲ್ಲ. ಸಿಟ್ಟು ಬಂದು, ಇವಳು ಮಗುವನ್ನು ಚಿವುಟುತ್ತಾಳೋ ಏನೋ ಎಂದುಕೂಡ ಒಂದು ದಿನ ಗೋಡೆಗೆ ಹೇಳಿದೆ. ಹೇಳಬಾರದಿತ್ತು. ಅದರ ಮಾರನೆಯ ದಿನ ಇಂದ್ರಾಣಿ ಮಂಚದ ಕೆಳಗಿನಿಂದ ಬ್ಯಾಗು ತೆಗೆದು ಮಗುವಿನ ಬಟ್ಟೆ ಜೋಡಿಸತೊಡಗಿದಳು.

ಶುಕ್ರವಾರಕ್ಕೆ ಎರಡೇ ದಿನ ಉಳಿದಿದ್ದ ಬುಧವಾರ, ಮೂರು ಗಂಟೆಗೆ ಹತ್ತು ನಿಮಿಷವಿರುವಾಗ, ಅವಳು ನನ್ನ ತಲೆಬಟ್ಟೆಯನ್ನು ಕೈಯಲ್ಲಿ ಹಿಡಿದು ಬಂದಳು.

"ಅತ್ತೆ, ಇವತ್ತು ನೀವು ತೊಟ್ಟಿಲ ಹತ್ರ ಕೂತ್ಕೊಳ್ಳಿ. ನಾನು ಗೋಡೆಗೆ ಹೇಳಿ ಬರ್ತೀನಿ."

ಅವಳು ಬಂದು ಎರಡು ವರ್ಷವಾಗಿತ್ತು, ಒಂದು ದಿನವೂ ಗೋಡೆಗೆ ಹೇಳಿದವಳಲ್ಲ. ಹೋಗುವ ಹೊತ್ತಿಗಾದರೂ ಊರಿನ ರೂಢಿ ಹತ್ತಿತಲ್ಲ ಎಂದು ನನಗೆ ಸಮಾಧಾನವೇ ಆಯಿತು. ಎಲ್ಲಿ ನಿಲ್ಲಬೇಕು ಎಂದು ಹೇಳಿಕೊಡಲು ಹೋದೆ. ಗೊತ್ತು ಎಂದು ಹೊರಟುಹೋದಳು.

ಮೂರು ಹೊಡೆಯಿತು. ಕಪಾಟಿನ ಲೋಟದಲ್ಲಿ ನೀರು ಅಲ್ಲಾಡಲಿಲ್ಲ. ಮಗು ಮಲಗಿತ್ತು. ಹೊದಿಕೆ ಸರಿಮಾಡಲೆಂದು ನಾನು ತೊಟ್ಟಿಲೊಳಕ್ಕೆ ಬಗ್ಗಿದೆ. ಆಗ ಯಾರೋ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು, ನನ್ನ ಕಿವಿಯ ಪಕ್ಕದಲ್ಲೇ. ಬೆಚ್ಚಿ ತಲೆಯೆತ್ತಿ ನೋಡಿದರೆ ಮನೆಯಲ್ಲಿ ಯಾರೂ ಇಲ್ಲ. ಮತ್ತೆ ಬಗ್ಗಿದೆ.

"ಸಾರಿಗೆ ಉಪ್ಪಿಲ್ಲ ಅಂತ ದಿನಾ ಹೇಳ್ತೀರಿ," ಎಂದಿತು ತೊಟ್ಟಿಲು, ಇಂದ್ರಾಣಿಯ ದನಿಯಲ್ಲಿ. "ಕಮ್ಮಿ ಹಾಕಿ ಅಂತ ಡಾಕ್ಟ್ರು ನನ್ನ ಮುಂದೇನೇ ಹೇಳಿದ್ದು. ನಿಮ್ಮ ಕಾಲು ಊದೋದು ನಿಮಗೆ ಕಾಣಲ್ಲ, ನನಗೆ ಕಾಣುತ್ತೆ. ಅಕ್ಕಿ ಮೂರು ಸಲ ತೊಳೀತೀನಿ. ಒಂದು ಕಲ್ಲು ಸಿಕ್ಕಿದ್ರೆ ಅದಕ್ಕೂ ಇಲ್ಲಿಗೇ ಬರ್ತಿದ್ರಿ."

ಸರಳನ್ನು ನೋಡಿದೆ. ಸರಳಿನ ಮೇಲೆ ನಾನೇ ಬಿಗಿದ ನಟ್ಟು, ನಟ್ಟಿನ ಮೇಲೆ ಪಕ್ಕೆ. ಅದೇ ಪಕ್ಕೆ ಗೋಡೆಗುಂಟ ಇಳಿದು ಬೇವಿನ ಮರದ ಕಡೆಗೆ ಹೋಗುತ್ತದೆ, ನನ್ನ ಹಣೆಯ ಗುರುತು ಇರುವ ರಿವೆಟ್ಟಿಗೆ. ನಡುವೆ ಒಂದು ಚೂರು ಕಂಬಳಿಯಿಲ್ಲ, ಒಂದು ಎಳೆ ಹತ್ತಿಯಿಲ್ಲ. ಕೆಳಗೆ ವೀಣೆಯ ಮರದ ತೊಟ್ಟಿಲು. ಮೊದಲು ಮನೆಯೊಳಗೆ ಮೊರೆತವಿತ್ತು, ನನ್ನ ಮಾತು ಅದರಲ್ಲಿ ಅಷ್ಟಿಷ್ಟು ಮುಚ್ಚಿಹೋಗುತ್ತಿತ್ತು. ಆ ಮೊರೆತವನ್ನು ನಾನೇ ತಿಂಗಳೆಲ್ಲ ಕೂತು, ಬೆವರು ಸುರಿಸಿ, ಒಂದೊಂದೇ ದಾರಿ ಮುಚ್ಚಿ ಹೊರಗಟ್ಟಿದ್ದೆ. ಉಳಿದದ್ದು ನನ್ನ ಬೈಗುಳ ಮಾತ್ರ.

"ತಾಯಿ ಇಲ್ದೋಳು ಏನು ಕಲ್ತಿರ್ತಾಳೆ ಅಂದ್ರಿ. ಒಂದಿನ ಅಲ್ಲ, ಎಷ್ಟೋ ದಿನ ಅಂದ್ರಿ," ಎಂದಳು ಇಂದ್ರಾಣಿ. "ನಿಜ, ನನಗೆ ಯಾರೂ ಕಲಿಸಿಲ್ಲ. ನೀವು ಊರೋರಿಗೆಲ್ಲ ಹತ್ತಿ ಹೆಂಗೆ ಹಿಂಜಬೇಕು ಅಂತ ಕೈ ಹಿಡ್ದು ಕಲಿಸ್ತೀರಿ. ನನ್ನ ಮಗೂಗೆ ನೀರು ಹಾಕೋದನ್ನ ಒಂದಿನ ನನಗೆ ಕಲಿಸಿದ್ರಾ?"

ಕಸ್ತೂರಿ ಕಣ್ಣು ಬಿಟ್ಟಿದ್ದಳು. ಅಳಲಿಲ್ಲ, ಅಮ್ಮನ ದನಿ ಎಲ್ಲಿಂದ ಬರುತ್ತಿದೆ ಎಂದು ಸರಳಿನ ಕಡೆ ನೋಡುತ್ತಿದ್ದಳು.

"ಇಷ್ಟೇ ನಾನು ಹೇಳೋದು," ಎಂದಿತು ತೊಟ್ಟಿಲು. "ಸದ್ದು ಕಿಟಕಿಯಿಂದ ಬರ್ತಿಲ್ಲ ಅತ್ತೆ."

ಅವಳು ಒಳಗೆ ಬಂದಳು, ತಲೆಬಟ್ಟೆ ಮಡಿಸಿಟ್ಟಳು, ಕಾಫಿಗೆ ಹಾಲಿಟ್ಟಳು. ಗೋಡೆಗೆ ಹೇಳಿದ್ದನ್ನು ವಿಚಾರಿಸುವಂತಿಲ್ಲವಲ್ಲ, ನಾನು ವಿಚಾರಿಸಲಿಲ್ಲ. ಅವಳೂ ಮೂರು ತಿಂಗಳಿಗಿಂತ ಹೆಚ್ಚು ಕಾಲ ಅದನ್ನೇ ಮಾಡಿದ್ದಳು ಎನ್ನುವುದು ಆಗ ಹೊಳೆಯಿತು. ದಿನಾ ಅಷ್ಟೆಲ್ಲ ಕೇಳಿಸಿಕೊಂಡು, ಹೊರಗಿನವಳಾಗಿಯೂ ನಮ್ಮೂರಿನ ರೂಢಿಯನ್ನು ನಮಗಿಂತ ಚೆನ್ನಾಗಿ ಪಾಲಿಸಿದ್ದಳು. ಗಂಡನಿಗೂ ಹೇಳಿರಲಿಲ್ಲ. ಸದ್ದು ಬರುತ್ತೆ ಎಂದಿದ್ದಳು, ಅಷ್ಟೇ. ಅದರಲ್ಲಿ ಸುಳ್ಳೇನಿತ್ತು? ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಗುರುವಾರ ಬೆಳಿಗ್ಗೆ ಕಂಬಳಿಯ ಎರಡು ಬಿಲ್ಲೆ ಕತ್ತರಿಸಿ, ಸ್ಪ್ಯಾನರ್ ಹಿಡಿದು ಸ್ಟೂಲು ಹತ್ತಿದೆ. ನಟ್ಟು ಸಡಿಲಿಸಿ ಬಿಲ್ಲೆ ಕೂರಿಸಿದರೆ ಹತ್ತು ನಿಮಿಷದ ಕೆಲಸ. ನಟ್ಟಿಗೆ ಕೈ ಹಾಕಿದವಳು ಹಾಗೇ ನಿಂತೆ. ಇದನ್ನು ಮುಚ್ಚಿದರೆ ನನ್ನ ಮಾತು ಇನ್ನು ಅವಳಿಗೆ ಕೇಳಿಸುವುದಿಲ್ಲ, ಸರಿ. ಆದರೆ ಅವಳಿಗೆ ಇದುವರೆಗೆ ಕೇಳಿಸಿದ್ದಕ್ಕೆ ಏನು ಮಾಡುವುದು? ಮುಖಕ್ಕೆ ಮುಖ ಕೊಟ್ಟು ತಪ್ಪಾಯಿತು ಎನ್ನುವ ನಾಲಿಗೆ ನನಗೆ ದೇವರು ಕೊಟ್ಟಿಲ್ಲ. ನನ್ನ ಗಂಡ ಬದುಕಿದ್ದಾಗಲೂ ಅವರಿಗೆ ಒಂದು ಸಲ ಹಾಗೆ ಅಂದವಳಲ್ಲ. ಬಿಲ್ಲೆಗಳನ್ನು ಸೊಂಟದ ಚೀಲಕ್ಕೆ ಹಾಕಿಕೊಂಡು ಇಳಿದೆ. ಇಂದ್ರಾಣಿ ಒಲೆಯ ಮುಂದೆ ನಿಂತು ನೋಡುತ್ತಿದ್ದಳು.

ಮೂರು ಗಂಟೆಗೆ ಹೊರಗೆ ಹೋದೆ. ಮೊದಲು ಬಾಲದ ಕಡೆಗೆ ನಡೆದೆ, ಬಚ್ಚಲಿನ ಹಿಂದಕ್ಕೆ, ಅಲ್ಲಿ ಒಳಗೆ ಕೇಳುವವರು ಬಕೆಟ್ಟು ಮತ್ತು ಸೌದೆ ಮಾತ್ರ. ಗೋಡೆಗೆ ಬಾಯಿ ಹಚ್ಚಿ, ನನಗೇ ಎದುರು ಮಾತಾಡುತ್ತಾಳೆ, ಎಷ್ಟು ಕೊಬ್ಬು, ನನ್ನ ಕಾಲು ಊದಿದರೆ ಇವಳಿಗೇನು ಎಂದು ಹತ್ತು ನಿಮಿಷ ಚೆನ್ನಾಗಿ ಬೈದೆ. ಸಿಟ್ಟು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದೆಲ್ಲ ಖಾಲಿಯಾದ ಮೇಲೆ ಬೇವಿನ ಮರದ ಕೆಳಗೆ ಬಂದು ನನ್ನ ಹಳೆಯ ಜಾಗಕ್ಕೆ ಹಣೆಯಿಟ್ಟೆ.

ಕೇಳುವವರಿಲ್ಲದ ಗೋಡೆಗೆ ನಲವತ್ತು ವರ್ಷ ಹೇಳಿದವಳು, ಕೇಳುವ ಗೋಡೆಯ ಮುಂದೆ ತೊದಲಿದೆ. ಪಕ್ಕದ ಗೋಡೆಯಲ್ಲಿ ಮೇಷ್ಟ್ರು ತಮ್ಮ ಪಾಡಿಗೆ ಕೈ ಆಡಿಸುತ್ತಾ ಹೇಳುತ್ತಿದ್ದರು. ಮೊರೆತ ಬೆನ್ನನ್ನು ಒತ್ತುತ್ತಿತ್ತು. ಕೊನೆಗೆ, ನನಗೆ ಗೊತ್ತಿರುವುದನ್ನೇ ಹೇಳುವುದು ಎಂದುಕೊಂಡೆ.

"ಕೇಳಿಸ್ಕೊ," ಎಂದೆ. "ಮಣೆ ಮೇಲೆ ಕೂತು ಎರಡೂ ಕಾಲು ಜೋಡಿಸಿ ಚಾಚ್ಬೇಕು. ಮಗೂನ ಬೋರಲು ಹಾಕ್ಕೊಬೇಕು, ತಲೆ ಪಾದದ ಕಡೆಗೆ. ನೀರಿನ ಬಿಸಿ ಕೈಬೆರಳಲ್ಲಿ ನೋಡ್ಬೇಡ, ಮೊಣಕೈಯಲ್ಲಿ ನೋಡು. ಮೊದಲು ಬೆನ್ನಿಗೆ, ಆಮೇಲೆ ಕಾಲಿಗೆ, ತಲೆಗೆ ಕೊನೇಲಿ. ತಲೆಗೆ ಹಾಕುವಾಗ ಹಣೆಗೆ ಅಂಗೈ ಅಡ್ಡ ಹಿಡಿ. ಅಳುತ್ತೆ. ಅಳ್ಲಿ, ಹೆದರ್ಕೋಬೇಡ."

ಇಷ್ಟು ಹೇಳಿದ ಮೇಲೆ ಉಳಿದದ್ದು ತಾನಾಗಿ ಬಂತು.

"ಲಿಂಗೂಗೆ ನಾನು ಮೊದಲ ಸಲ ನೀರು ಹಾಕಿದಾಗ ಅವನು ಕಾಲಿಂದ ಜಾರಿ ಬಚ್ಚಲಿಗೆ ಬಿದ್ದ. ಅವ್ವ ಮನೇಲೇ ಇದ್ಲು, ಅವಳಿಗೆ ಹೇಳ್ಲಿಲ್ಲ. ಗೋಡೆಗೂ ಹೇಳ್ಲಿಲ್ಲ. ತಾಯಿ ಇದ್ದೂ ನನಗೆ ಬರ್ತಿರ್ಲಿಲ್ಲ ಕಣೆ. ನಿನಗೆ ಅಂದಿದ್ದು ತಪ್ಪು. ಚಿವುಟ್ತಾಳೆ ಅಂದಿದ್ದಂತೂ ದೊಡ್ಡ ತಪ್ಪು. ನಾಳೆ ನೀನು ಕೂತ್ಕೊ, ನಾನು ನೀರು ಹುಯ್ದು ಕೊಡ್ತೀನಿ. ಆಮೇಲೆ ಬೇಕಾದ್ರೆ ಹೋಗು."

ಮೊರೆತ ನಿಲ್ಲುವವರೆಗೆ ಅಲ್ಲೇ ನಿಂತಿದ್ದೆ. ಕಣ್ಣೊರೆಸಿಕೊಂಡೆ. ಮೇಷ್ಟ್ರು ತಮ್ಮ ಗೋಡೆ ಬಿಟ್ಟು ಹೊರಟವರು ನನ್ನನ್ನು ಕಂಡೂ ಕಾಣದ ಹಾಗೆ ಒಳಗೆ ಹೋದರು. ದೊಡ್ಡ ಮನುಷ್ಯರು.

ಒಳಗೆ ಬಂದರೆ ಕಸ್ತೂರಿ ನಿದ್ದೆ ಮಾಡುತ್ತಿದ್ದಳು. ತಿಂಗಳುಗಳಲ್ಲಿ ಮೊದಲ ಸಲ ಮೊರೆತದ ಹೊತ್ತಿನಲ್ಲಿ ಅವಳು ಎದ್ದಿರಲಿಲ್ಲ. ಇಂದ್ರಾಣಿ ತೊಟ್ಟಿಲ ಅಂಚಿಗೆ ಕೆನ್ನೆಯಿಟ್ಟು ಕೂತಿದ್ದಳು. ನನ್ನ ಕಡೆ ನೋಡಲಿಲ್ಲ. ಬ್ಯಾಗು ಬಾಗಿಲ ಪಕ್ಕದಲ್ಲಿ, ಜಿಪ್ಪು ಹಾಕಿಕೊಂಡು, ಇದ್ದ ಹಾಗೇ ಇತ್ತು.

ಶುಕ್ರವಾರ ಎಂಟೂವರೆಗೆ ನೀರು ಕಾಯಿಸಿ, ಹದ ಮಾಡಿ, ಬಚ್ಚಲಲ್ಲಿ ಮಣೆ ಹಾಕಿದೆ. ಲಿಂಗು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬ್ಯಾಗಿನ ಪಕ್ಕದಲ್ಲಿ ನಿಂತಿದ್ದ, ಬಸ್ಸಿಗೆ ಹೊತ್ತಾಯಿತು ಎಂದು ಯಾರಿಗೆ ಹೇಳಬೇಕೆಂದು ತಿಳಿಯದವನ ಹಾಗೆ. ನಾನು ಮಣೆಯ ಮೇಲೆ ಕೂರಲಿಲ್ಲ. ಟವಲನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತೆ, ಅವಳು ನಾಲ್ಕು ತಿಂಗಳು ನಿಂತ ಜಾಗದಲ್ಲಿ. ನಿಂತು ನೋಡಿದಾಗ ಆ ಬಾಗಿಲು ಎಷ್ಟು ಇಕ್ಕಟ್ಟು ಎಂದು ಗೊತ್ತಾಯಿತು.

ಇಂದ್ರಾಣಿ ಮಗುವನ್ನೆತ್ತಿಕೊಂಡು ಬಂದಳು. ಹೊರಡುವ ಸೀರೆಯನ್ನೇ ಉಟ್ಟಿದ್ದಳು. ಮಣೆಯನ್ನೂ ನನ್ನನ್ನೂ ಒಂದು ಸಲ ನೋಡಿದಳು. ಆಮೇಲೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿಕೊಂಡು, ಕೂತು, ಎರಡೂ ಕಾಲು ಜೋಡಿಸಿ ಚಾಚಿದಳು. ಮಗುವನ್ನು ಬೋರಲು ಹಾಕಿಕೊಂಡಳು, ತಲೆ ಪಾದದ ಕಡೆಗೆ. ಬಕೆಟ್ಟಿಗೆ ಮೊಣಕೈ ಅದ್ದಿ ಬಿಸಿ ನೋಡಿದಳು.

ನಾನು ಒಂದು ಚೊಂಬು ಬೆನ್ನಿಗೆ ಹುಯ್ದೆ. ಕಸ್ತೂರಿ ಮನೆ ಹಾರಿಹೋಗುವ ಹಾಗೆ ಅಳತೊಡಗಿದಳು. ಇಂದ್ರಾಣಿಯ ಕೈ ಜಾರಲಿಲ್ಲ. ಇನ್ನೊಂದು ಚೊಂಬು ಹುಯ್ದೆ. ಹೊರಗೆ ಬೀದಿಯ ತಿರುವಿನಲ್ಲಿ ಬಸ್ಸು ಬಂದು ನಿಂತು ಹಾರ್ನ್ ಹೊಡೆಯಿತು. ಲಿಂಗು ಅಲ್ಲಿಂದಲೇ, ಅಮ್ಮಾ, ಬಸ್ಸು ಎಂದ. ಹಾರ್ನ್ ಮತ್ತೊಂದು ಸಲ ಕೇಳಿಸಿತು.

ಇಂದ್ರಾಣಿ ತಲೆಯೆತ್ತಲಿಲ್ಲ. ಮಗುವಿನ ಹಣೆಗೆ ಅಂಗೈ ಅಡ್ಡ ಹಿಡಿದು, "ಅತ್ತೆ, ತಲೆಗೆ ಈಗ ಹಾಕ್ಬೋದಾ?" ಎಂದಳು.

ಹೂಂ ಎಂದೆ, ಚೊಂಬು ತುಂಬಿಕೊಂಡೆ. ಅಷ್ಟು ಬಿಗಿಯಾಗಿ ತುಂಬಿದ ಮನೆಯೊಳಗೆ ಆ ಹಾರ್ನಿನ ಸದ್ದು ಯಾವ ದಾರಿಯಲ್ಲಿ ಬಂತೋ, ನಲವತ್ತು ವರ್ಷದಲ್ಲಿ ಮೊದಲ ಸಲ ನಾನು ನೋಡಲು ಹೋಗಲಿಲ್ಲ.